ಚಿಪ್ಪಿನ ಲೆಕ್ಕ ಕೂಡಿಸುವ ಲೆಕ್ಕವಲ್ಲ

ಯಾವ ಕೆಲಸ ಪ್ರೊಸೆಸರ್‌ನಲ್ಲಿ ಓಡಬೇಕು, ಯಾವುದು ಎಫ್‌ಪಿಜಿಎ (ಬೇಕಾದ ಸರ್ಕ್ಯೂಟನ್ನು ನಾವೇ ಜೋಡಿಸಿಕೊಳ್ಳಬಹುದಾದ ಚಿಪ್) ಒಳಗೆ ಸರ್ಕ್ಯೂಟ್ ಆಗಬೇಕು ಎಂದು ತೀರ್ಮಾನಿಸುವ ಮೀಟಿಂಗುಗಳಲ್ಲಿ ಒಂದು ಎಕ್ಸೆಲ್ ಶೀಟ್ ಇದ್ದೇ ಇರುತ್ತದೆ. ಸಾಲಿಗೊಂದು ಫಂಕ್ಷನ್, ಅದಕ್ಕೆ ಬೇಕಾದ ಲಟ್ (LUT, ತರ್ಕದ ಚಿಕ್ಕ ಘಟಕ) ಮತ್ತು ಡಿಎಸ್‌ಪಿ (ಗುಣಾಕಾರಕ್ಕೆಂದೇ ಇರುವ ಘಟಕ), ಕೊನೆಯಲ್ಲಿ ಮೊತ್ತ. ನನ್ನ ತಕರಾರಿರುವುದು ಆ ಮೊತ್ತದ ಬಗ್ಗೆ. ಪ್ರತಿ ಫಂಕ್ಷನ್ನನ್ನೂ ಒಂಟಿಯಾಗಿ ಸಿಂಥೆಸೈಸ್ ಮಾಡಿ, ಅಂದರೆ ಕೋಡನ್ನು ಸರ್ಕ್ಯೂಟ್ ಆಗಿಸಿ, ಬರೆದ ಅಂಕಿಗಳವು. ಒಂಟಿ ಫಂಕ್ಷನ್ನಿಗೆ ಗಾತ್ರವಿದೆ, ನಿಜ. ಆದರೆ ನಾಲ್ಕು ಜನರ ನಡುವೆ ಬಂದು ಕೂತಾಗ ಅದರ ಗಾತ್ರ ಬೇರೆ.

ಪ್ರೊಸೆಸರ್, ಎಫ್‌ಪಿಜಿಎ ಎರಡೂ ಒಟ್ಟಿಗಿರುವ ಜಿಂಕ್-7010 (Zynq) ಚಿಪ್ ತೆಗೆದುಕೊಳ್ಳಿ. 17,600 ಲಟ್, 80 ಡಿಎಸ್‌ಪಿ. ಇದರ ಒಂದು ಡಿಎಸ್‌ಪಿ 25×18 ಬಿಟ್ ಗುಣಿಸುತ್ತದೆ, ಹಾಗಾಗಿ ಪೂರ್ತಿ 32 ಬಿಟ್ ಗುಣಾಕಾರಕ್ಕೆ ಸುಮಾರು ನಾಲ್ಕು ಬೇಕು. ಇಂಥ ಗುಣಾಕಾರ ಬಳಸುವ ನಾಲ್ಕು ಫಂಕ್ಷನ್‌ಗಳನ್ನು ಕೂಡಿಸಿದರೆ 16. ಸರದಿಯಲ್ಲಿ ಓಡುವುದಾದರೆ ನಾಲ್ಕೇ ಸಾಕು. ಮುಂದೆ, ಸರದಿ ಯಾರದೋ ಅವರ ಅಂಕಿಯನ್ನು ಆರಿಸಿ ಒಳಬಿಡುವ ಎರಡು ಮಕ್ಸ್ ಇಡಬೇಕು, ಸುಮಾರು 64 ಲಟ್. ಅಗ್ಗದ ವ್ಯಾಪಾರ. ಆದರೆ ಇದನ್ನು ಕೇಳಿದವರು ಮರುದಿನ ಆಡರ್‌ಗಳನ್ನೂ (ಕೂಡಿಸುವ ಸರ್ಕ್ಯೂಟ್) ಹಂಚಿಕೊಂಡು ಬರುತ್ತಾರೆ! 32 ಬಿಟ್ ಆಡರ್‌ಗೆ ಹಿಡಿಯುವುದೇ 32 ಲಟ್. ನಾಲ್ಕನ್ನು ಬಿಡಿಬಿಡಿಯಾಗಿ ಇಟ್ಟರೆ 128, ಹಂಚಿಕೊಂಡರೆ ಮಕ್ಸ್ ಸೇರಿ 96. ಸರದಿ ನೋಡಿಕೊಳ್ಳುವ ಕಂಟ್ರೋಲರ್ ಬೆಳೆದು, ವೈರಿಂಗ್ ಉದ್ದವಾದ ಮೇಲೆ ಉಳಿತಾಯ ಎಲ್ಲಿ?

ಫಂಕ್ಷನ್ನನ್ನು ಎಫ್‌ಪಿಜಿಎಯಿಂದ ತೆಗೆಯುವಾಗ ಇನ್ನೂ ಫಜೀತಿ. ಪಂಪ್‌ಗಳ ಕಂಪನ ಅಳೆಯುವ ಪೆಟ್ಟಿಗೆ ಮಾಡುತ್ತಿದ್ದ ತಂಡವೊಂದಕ್ಕೆ ಡಿಎಸ್‌ಪಿ ಸಾಲದಾಯಿತು. "ಫಿಲ್ಟರ್‌ನ ಸಾಫ್ಟ್‌ವೇರ್‌ಗೆ ಹಾಕ್ಬಿಡೋಣ ಸರ್, ಜಾಗ ಸಿಗುತ್ತೆ" ಅಂದ ಹುಡುಗ, ತುಂಬ ಚುರುಕಿನವನು, ಅದನ್ನು ಚೊಕ್ಕವಾಗಿ ಸಿ ಭಾಷೆಯಲ್ಲಿ ಬರೆದು ಎಆರ್‌ಎಂ ಪ್ರೊಸೆಸರ್ ಮೇಲೆ ಓಡಿಸಿದ. ಒಂದೂ ಡಿಎಸ್‌ಪಿ ಬಿಡುಗಡೆಯಾಗಲಿಲ್ಲ. ಹಳೆಯ ಆರ್‌ಟಿಎಲ್‌ನಲ್ಲಿ (ಸರ್ಕ್ಯೂಟನ್ನು ವಿವರಿಸುವ ಕೋಡ್) ಫಿಲ್ಟರ್ ಮತ್ತು ಎಫ್‌ಎಫ್‌ಟಿ (ಕಂಪನದಲ್ಲಿರುವ ಆವರ್ತನಗಳನ್ನು ಬಿಡಿಸುವ ಲೆಕ್ಕ) ಒಂದೇ ಡಿಎಸ್‌ಪಿಗಳನ್ನು ಹಂಚಿಕೊಂಡಿದ್ದವು. ಫಿಲ್ಟರ್ ಹೋದರೂ ಎಫ್‌ಎಫ್‌ಟಿ ಅಲ್ಲೇ ಇತ್ತು. ಅವಿಭಕ್ತ ಕುಟುಂಬದಿಂದ ಒಬ್ಬ ಸೊಸೆ ಬೇರೆ ಹೋದರೆ ಗ್ರೈಂಡರ್ ಮಾರುತ್ತಾರೆಯೇ? "ಟೂಲ್‌ನಲ್ಲೇ ಏನೋ ಬಗ್ ಇದೆ ಸರ್" ಅಂತ ಅವನ ವಾದ.

ಇದು ಹೊಸ ವಿಷಯವೂ ಅಲ್ಲ. ಸಂಶೋಧಕರಾದ ಫ್ರಾಂಕ್ ವಾಹಿದ್, ಡೇನಿಯಲ್ ಗಾಜ್‌ಸ್ಕಿ 1995ರಲ್ಲೇ, ಫಂಕ್ಷನ್ ಅತ್ತಿತ್ತ ಸರಿದಾಗಲೆಲ್ಲ ಹಾರ್ಡ್‌ವೇರ್ ಹಂಚಿಕೊಳ್ಳುವುದನ್ನು ಗಣನೆಗೆ ತೆಗೆದುಕೊಂಡು ಅಂದಾಜನ್ನು ಬೇಗನೆ ತಿದ್ದುವ ವಿಧಾನ ಪ್ರಕಟಿಸಿದ್ದರು.

ಒಂದು ಎಚ್ಚರಿಕೆ: ಎರಡು ಕೆಲಸ ಒಂದೇ ಕ್ಷಣದಲ್ಲಿ ನಡೆಯಲೇಬೇಕು ಎಂದಾದರೆ ಹಂಚಿಕೆಯ ಮಾತಿಲ್ಲ, ಆ ಜೋಡಿಯ ಮಟ್ಟಿಗೆ ಕೂಡಿಸುವುದೇ ಹೆಚ್ಚುಕಡಿಮೆ ಸರಿ. ಉಳಿದದ್ದಕ್ಕೆ, ಇಡೀ ಗುಂಪನ್ನು ಒಟ್ಟಿಗೆ ಸಿಂಥೆಸೈಸ್ ಮಾಡಿ, ಆಮೇಲೆ ಅನುಮಾನವಿರುವ ಫಂಕ್ಷನ್ ತೆಗೆದು ಮತ್ತೊಮ್ಮೆ ಮಾಡಿ. ಬರುವ ವ್ಯತ್ಯಾಸವೇ ಆ ಗುಂಪಿನಲ್ಲಿ ಅದರ ಬೆಲೆ. ಗುಂಪು ಬದಲಾದರೆ ಮತ್ತೆ ಅಳೆಯಬೇಕು. ಎಚ್‌ಎಲ್‌ಎಸ್ (ಸಿಯಂಥ ಭಾಷೆಯ ಕೋಡನ್ನು ಸರ್ಕ್ಯೂಟ್ ಮಾಡುವ ಟೂಲ್) ಕೊಡುವ ಲಟ್ ಸಂಖ್ಯೆ ಬರೀ ಅಂದಾಜು. ಬೋರ್ಡ್‌ಗೆ ಚಿಪ್ ಆರಿಸುವ ಮುನ್ನ ಪ್ಲೇಸ್-ಅಂಡ್-ರೂಟ್ ತನಕ, ಅಂದರೆ ಘಟಕಗಳನ್ನು ಚಿಪ್ಪಿನಲ್ಲಿ ಕೂರಿಸಿ ವೈರಿಂಗ್ ಎಳೆಯುವ ಹಂತದ ತನಕ, ಓಡಿಸಿ ನೋಡಿ.