ಓದುಗರ ಪ್ರಶ್ನೆ: ಉಳಿ, ಗರಗಸ, ಕೊಡಲಿಯನ್ನು ಪಾರ್ಸೆಲ್ ಮಾಡೋದು ಹೇಗೆ?

ಪ್ರಶ್ನೆ: ಬಡಗಿ ಕೆಲಸದ ಹಳೆಯ ಸಾಮಾನುಗಳನ್ನು ದೂರದಲ್ಲಿರುವ ಒಬ್ಬರಿಗೆ ಕಳಿಸಬೇಕು. ನಾಲ್ಕೈದು ಉಳಿ, ಒಂದು ಕೈಗರಗಸ, ಕಬ್ಬಿಣದ ಉಜ್ಜುಗೊರಡು, ಒಂದು ಕೊಡಲಿ. ದಾರಿಯಲ್ಲಿ ಯಾರ ಕೈಯೂ ಕುಯ್ಯಬಾರದು, ಸಾಮಾನೂ ಹಾಳಾಗಬಾರದು, ಖರ್ಚೂ ಜಾಸ್ತಿ ಆಗಬಾರದು. ಹೇಗೆ ಪ್ಯಾಕ್ ಮಾಡಲಿ?

ಉತ್ತರ: ಗಾಜಿನ ಸಾಮಾನು ಕಳಿಸುವಾಗ ಹೊರಗಿನ ಪೆಟ್ಟು ಒಳಗೆ ತಟ್ಟದ ಹಾಗೆ ನೋಡಿಕೊಳ್ಳುತ್ತೇವೆ. ಇಲ್ಲಿ ಲೆಕ್ಕ ಉಲ್ಟಾ. ಒಳಗಿನ ಸಾಮಾನಿನಿಂದ ಡಬ್ಬಿಯನ್ನು ಕಾಪಾಡಬೇಕು. ಎರಡು ಕೆಜಿ ಕಬ್ಬಿಣಕ್ಕೆ ಓಡಾಡಲು ಎರಡು ಇಂಚು ಜಾಗ ಸಿಕ್ಕಿದರೆ ಸಾಕು, ಪಾರ್ಸೆಲ್ ಬಿದ್ದ ಪ್ರತಿ ಸಲವೂ ಅದು ಒಳಗಿಂದ ರಟ್ಟಿಗೆ ಗುದ್ದುತ್ತದೆ.

ಮೊದಲು ಉಳಿ. ತುಂಬಾ ಜನ ಅಲಗಿಗೆ ಸುಮ್ನೆ ಟೇಪ್ ಸುತ್ತಿ ಬಿಡುತ್ತಾರೆ. ಹರಿತವಾದ ಉಳಿಗೆ ಟೇಪ್ ಯಾವ ಲೆಕ್ಕ? ಹಳೆಯ ರಟ್ಟಿನ ಡಬ್ಬಿಯಿಂದ ಉದ್ದನೆಯ ಪಟ್ಟಿ ಕತ್ತರಿಸಿ. ಅದನ್ನು ಮಧ್ಯಕ್ಕೆ ಮಡಚಿ, ನಡುವೆ ಅಲಗನ್ನು ಇಡಿ. ಮಡಿಕೆ ಉಳಿಯ ತುದಿಯ ಕಡೆಗಿರಲಿ, ತುದಿಗೂ ಮಡಿಕೆಗೂ ನಡುವೆ ಒಂದು ಬೆರಳಷ್ಟು ಜಾಗ ಬಿಡಿ. ಎರಡೂ ಪಕ್ಕ ಟೇಪ್ ಹಾಕಿದರೆ ಒರೆ ಸಿದ್ಧ. ಆದರೆ ಒರೆ ಜಾರಿ ಕಳಚಿಕೊಂಡರೆ ತುದಿ ಮತ್ತೆ ಹೊರಗೆ, ಅಲ್ವಾ? ಎಣ್ಣೆ ಸವರಿದ ಕಬ್ಬಿಣಕ್ಕೆ ಟೇಪ್ ಹಿಡಿಯೋದೂ ಇಲ್ಲ. ಅದಕ್ಕೇ ಒರೆಯನ್ನು ದಾರದಿಂದ ಹಿಡಿಗೆ ಬಿಗಿಯಾಗಿ ಕಟ್ಟಬೇಕು. ಹಿಡಿಗೆ ನೇರವಾಗಿ ಟೇಪ್ ಅಂಟಿಸಬೇಡಿ, ಕೀಳುವಾಗ ಪಾಲಿಶ್ ಕೂಡ ಎದ್ದು ಬರುತ್ತದೆ. ಆಮೇಲೆ ಉಳಿಗಳನ್ನು ಒಂದರ ತಲೆಗೆ ಇನ್ನೊಂದರ ಕಾಲು ಬರುವಂತೆ ಜೋಡಿಸಿ, ಒಂದೇ ಕಟ್ಟು ಮಾಡಿ.

ಗರಗಸದ ಹಲ್ಲಿಗೆ ಹಳೆಯ ನೀರಿನ ಪೈಪನ್ನು ಉದ್ದಕ್ಕೆ ಸೀಳಿ ತೊಡಿಸಿ. ಕೊಡಲಿಯ ಬಾಯಿಗೆ ಎರಡು ಮೂರು ಪದರ ರಟ್ಟು, ಮೇಲೆ ದಾರ.

ಇದ್ದುದರಲ್ಲಿ ನಾಜೂಕಿನ ಸಾಮಾನು ಉಜ್ಜುಗೊರಡು. ನೋಡಲು ಗಟ್ಟಿ, ಆದರೆ ಎರಕದ ಕಬ್ಬಿಣ ಬಾಗುವುದಿಲ್ಲ, ಸೀದಾ ಬಿರುಕು ಬಿಡುತ್ತದೆ. ಪಕ್ಕದ ಗೋಡೆಗಳು ಮತ್ತು ಹಿಂದಿನ ಮರದ ಹಿಡಿ ಮೊದಲು ಹೋಗುತ್ತವೆ. ಅಲಗನ್ನು ಬಿಚ್ಚಿ ಬೇರೆ ಸುತ್ತಿ. ಬಿಚ್ಚಿದ ಸ್ಕ್ರೂಗಳನ್ನು ಒಂದು ಪೊಟ್ಟಣದಲ್ಲಿ ಹಾಕಿ ಉಜ್ಜುಗೊರಡಿಗೇ ಕಟ್ಟಿ. ಕೊಡಲಿಯನ್ನಂತೂ ಇದರ ಪಕ್ಕ ಇಡಲೇಬೇಡಿ. ನನ್ನ ಕೇಳಿದರೆ, ಕೊಡಲಿಗೆ ಬೇರೆಯದೇ ಪಾರ್ಸೆಲ್ ಮಾಡಿ.

ತುಕ್ಕಿನ ಮಾತು ಚುಟುಕಾಗಿ. ತೆಳ್ಳಗೆ ಎಣ್ಣೆ ಸವರಿ ಮೇಣದ ಕಾಗದ ಸುತ್ತಿ. ಕಬ್ಬಿಣಕ್ಕೆ ತಾಗುವಂತೆ ನ್ಯೂಸ್‌ಪೇಪರ್ ಬೇಡ, ಅದು ತೇವ ಹಿಡಿದಿಡುತ್ತದೆ.

ಡಬ್ಬಿ ಐದು ಪದರದ್ದಾಗಿರಲಿ. ಬಬಲ್ ರ‍್ಯಾಪ್ ಮೇಲೆ ನನಗೆ ನಂಬಿಕೆ ಇಲ್ಲ, ಭಾರಕ್ಕೆ ಗುಳ್ಳೆಗಳು ಒಡೆದು ಚಪ್ಪಟೆಯಾಗುತ್ತವೆ. ಥರ್ಮೋಕೋಲ್ ಪುಡಿಯಾಗುತ್ತದೆ. ರಟ್ಟಿನ ತುಂಡು, ಗಟ್ಟಿಯಾಗಿ ಮುದುರಿ ತುರುಕಿದ ಕಾಗದ ಇವೇ ವಾಸಿ, ದುಡ್ಡೂ ಬೇಕಿಲ್ಲ. ಮುಚ್ಚುವ ಮೊದಲು ಡಬ್ಬಿಯನ್ನು ಅಲ್ಲಾಡಿಸಿ ನೋಡಿ. ಒಳಗೆ ಏನಾದರೂ ಸರಿದ ಸದ್ದು ಬಂದರೆ ಇನ್ನಷ್ಟು ತುರುಕಿ. ತಳದ ಮಧ್ಯದ ಸೀಳಿಗೆ ಮಾತ್ರವಲ್ಲ, ಎರಡೂ ಅಂಚಿಗೂ ಟೇಪ್ ಹಾಕಿ. ಹೊರಗೆ ತೂಕ ಬರೆಯಿರಿ, ಎತ್ತುವವರ ಸೊಂಟ ಉಳಿಯುತ್ತದೆ. ಒಳಗಿನ ಕಟ್ಟಿನ ಮೇಲೆ ‘ಹರಿತ ಇದೆ, ನಿಧಾನ’ ಅಂತ ಬರೆದರೆ ಬಿಚ್ಚುವವರ ಕೈ ಉಳಿಯುತ್ತದೆ.

ಈಗ ಖರ್ಚು. ಎಷ್ಟೋ ಕೊರಿಯರ್‌ಗಳು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತವೆ. ಬರುವ ಅಂಕಿ, ನಿಜವಾದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. 5 ಕೆಜಿ ಸಾಮಾನನ್ನು 60×30×20ರ ಡಬ್ಬಿಗೆ ಹಾಕಿದರೆ 7.2 ಕೆಜಿಯ ಲೆಕ್ಕ. ಅದೇ ಸಾಮಾನು 50×25×16ರಲ್ಲಿ ಹಿಡಿಸಿದರೆ ಸರಿಯಾಗಿ 4 ಬರುತ್ತದೆ, ಆಗ 5 ಕೆಜಿಗಷ್ಟೇ ಹಣ. ಕೊಡಲಿಯ ಉದ್ದನೆಯ ಕಾವು ಕಳಚುವಂಥದ್ದಾದರೆ ತಲೆಯನ್ನಷ್ಟೇ ಕಳಿಸಿ, ಕಾವು ಅವರೇ ಹಾಕಿಸಿಕೊಳ್ಳಲಿ. ಅವಸರ ಇಲ್ಲದಿದ್ದರೆ ವಿಮಾನ ಬಿಟ್ಟು ರಸ್ತೆ, ರೈಲಿನ ದರ ವಿಚಾರಿಸಿ.

ಪಾರ್ಸೆಲ್ ದೇಶ ದಾಟುವುದಾದರೆ ಮರದ ವಿಷಯ ನೋಡಿಕೊಳ್ಳಿ. ಮರದಿಂದ ನೇರವಾಗಿ ಕೊಯ್ದ ಹಲಗೆಯ ಪೆಟ್ಟಿಗೆಗೆ, ಮರಕ್ಕೆ ಶಾಖ ಕೊಟ್ಟಿದೆ ಎಂದು ತೋರಿಸುವ ಮುದ್ರೆ ಬೇಕಾಗುತ್ತದೆ, ಪ್ಲೈವುಡ್ಡಿಗೆ ಬೇಡ. ಹಿಡಿ ಬೀಟೆ ಜಾತಿಯ ಮರದ್ದಾದರೆ ಸೈಟಿಸ್ (ಅಳಿವಿನ ಭಯವಿರುವ ಗಿಡ, ಪ್ರಾಣಿಗಳ ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ಕಡಿವಾಣ ಹಾಕುವ) ಒಪ್ಪಂದದ ನಿಯಮ ಬರುತ್ತದೆ. 2017ರಿಂದ ಆ ಜಾತಿಯ ಮರಗಳೆಲ್ಲ ಅದರ ಪಟ್ಟಿಯಲ್ಲಿವೆ. 2019ರಲ್ಲಿ ಸಿದ್ಧ ವಸ್ತುಗಳಿಗೆ ವಿನಾಯಿತಿ ಸಿಕ್ಕಿತು, ಒಂದು ರವಾನೆಯಲ್ಲಿ ಅಂಥ ಮರ 10 ಕೆಜಿ ಮೀರದಿದ್ದರೆ ತೊಂದರೆ ಇಲ್ಲ. ಬ್ರೆಜಿಲ್ ಬೀಟೆಗೆ ಮಾತ್ರ ಈ ವಿನಾಯಿತಿ ಇಲ್ಲ. ಹಳೆಯ ಅಮೆರಿಕನ್ ಉಜ್ಜುಗೊರಡುಗಳ ಹಿಡಿ ಎಷ್ಟೋ ಸಲ ಅದೇ ಮರದ್ದು. ನಿಮ್ಮದೂ ಅಂಥದ್ದೇ ಆಗಿದ್ದರೆ ಹಿಡಿ ಬಿಚ್ಚಿಟ್ಟುಕೊಂಡು ಕಬ್ಬಿಣವನ್ನಷ್ಟೇ ಕಳಿಸಿ.