ಕಬ್ಬಿಣಾಂಶ ಜಾಸ್ತಿ ಇರೋ ಸಜ್ಜೆ, ಜೋಳ ಬಿಸಿಯೂಟಕ್ಕೆ ಬಂದರೆ ಮಕ್ಕಳಿಗೆ ರಕ್ತ ಏರುತ್ತಾ?

ಪ್ರಶ್ನೆ: ಮಗಳು ನಾಲ್ಕನೇ ಕ್ಲಾಸು. ರಕ್ತ ಕಡಿಮೆ ಐತಿ ಅಂತ ಡಾಕ್ಟ್ರು ಹೇಳ್ಯಾರ. ಕಬ್ಬಿಣಾಂಶದ ಸಜ್ಜೆ, ಜೋಳ ಬಂದಾವಂತಲ್ಲ, ಅವನ್ನ ಶಾಲೆ ಊಟದಾಗ ಕೊಟ್ಟರ ಉಪಯೋಗ ಐತೇನ್ರಿ? ಅದಕ್ಕ ಏನಾರ ಕೆಮಿಕಲ್ ಹಾಕಿರ್ತಾರೇನು?

ಕಲಬುರಗಿ ಕಡೆ ಈ ಪ್ರಶ್ನೆ ಆಗಾಗ ಕಿವಿಗೆ ಬೀಳುತ್ತೆ. ಕೊನೆಯದಕ್ಕೆ ಮೊದಲು ಉತ್ತರ ಹೇಳ್ತೀನಿ. ಏನೂ ಹಾಕಿರಲ್ಲ. ಬಿಸಿಯೂಟಕ್ಕೆ ಕೊಡುತ್ತಾ ಬಂದ ಸಾರವರ್ಧಿತ ಅಕ್ಕಿಯೇ ಬೇರೆ, ಇದೇ ಬೇರೆ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಕಲಸಿ, ಅಕ್ಕಿ ಕಾಳಿನ ಆಕಾರಕ್ಕೆ ಒತ್ತಿ, ನೂರಕ್ಕೆ ಒಂದರಂತೆ ಮಾಮೂಲಿ ಅಕ್ಕಿಗೆ ಬೆರೆಸುತ್ತಾರೆ. ತೊಳೆಯುವಾಗ ಅದು ತೇಲಿತು ಅಂತ ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಚೆಲ್ಲುವವರಿದ್ದಾರೆ. ದಯವಿಟ್ಟು ಚೆಲ್ಲಬೇಡಿ, ಇರೋ ಕಬ್ಬಿಣವೆಲ್ಲ ಅದರಲ್ಲೇ ಇರೋದು.

ಸಜ್ಜೆ, ಜೋಳದ ಕತೆ ಹೊಲದಲ್ಲೇ ಶುರುವಾಗುತ್ತೆ. ಕೆಲವು ತಳಿಗಳು ಮಣ್ಣಿನಿಂದ ಕಬ್ಬಿಣ, ಸತುವನ್ನು ಜಾಸ್ತಿ ಎಳೆದು ಕಾಳಿಗೆ ತುಂಬುತ್ತವೆ. ಅಂಥವನ್ನೇ ಆರಿಸುತ್ತಾ ಬಂದು ಹೊಸ ತಳಿ ಮಾಡಿದ್ದಾರೆ. ಕುಲಾಂತರಿ ಅಲ್ಲ. ‘ಧನಶಕ್ತಿ’ ಸಜ್ಜೆ ಹಾಗೆ ಬಂದದ್ದು. ಅದರ ಮೂಲ ದೂರದ ಆಫ್ರಿಕಾದ ಟೋಗೋ ದೇಶದ್ದು ಅಂದರೆ ನಂಬ್ತೀರಾ? ಜೋಳದಲ್ಲಿ ‘ಪರಭಣಿ ಶಕ್ತಿ’ ಇದೆ. ಬೀದರ್ ಗಡಿಯಾಚೆಯ ಮರಾಠವಾಡದ ಪರಭಣಿ ಕೃಷಿ ವಿಶ್ವವಿದ್ಯಾಲಯ ಮತ್ತು ಹೈದರಾಬಾದ್ ಹತ್ತಿರದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಸೇರಿ 2018ರಲ್ಲಿ ಬಿಟ್ಟ ತಳಿ.

ಲೆಕ್ಕ ನೋಡಿ. 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಸುಮಾರು 15 ಮಿಲಿಗ್ರಾಂ ಕಬ್ಬಿಣ ಬೇಕು. ಪಾಲಿಶ್ ಮಾಡಿದ ಸಾದಾ ಅಕ್ಕಿ 100 ಗ್ರಾಂ ಉಂಡರೆ 1 ಮಿಲಿಗ್ರಾಂ ಕೂಡ ಸಿಗಲ್ಲ. ಮಾಮೂಲಿ ಜೋಳದಲ್ಲಿ 3, ಪರಭಣಿ ಶಕ್ತಿಯಲ್ಲಿ ನಾಲ್ಕೂವರೆ, ಧನಶಕ್ತಿ ಸಜ್ಜೆಯಲ್ಲಿ 7ರ ಆಸುಪಾಸು.

ಕಾಳಿನಲ್ಲಿ ಇದ್ದದ್ದೆಲ್ಲ ಮೈಗೆ ಹತ್ತಲ್ಲ, ಅದೂ ನಿಜ. ಆದರೂ ಮಹಾರಾಷ್ಟ್ರದಲ್ಲಿ 12ರಿಂದ 16 ವಯಸ್ಸಿನ ಶಾಲೆ ಮಕ್ಕಳಿಗೆ ದಿನಕ್ಕೆರಡು ಹೊತ್ತು ಇಂಥ ಸಜ್ಜೆಯ ರೊಟ್ಟಿ ಕೊಟ್ಟು ನೋಡಿದ್ದಾರೆ. ನಾಲ್ಕು ತಿಂಗಳಿಗೆ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಏರಿತ್ತು. ಆರು ತಿಂಗಳಿಗೆ, ಕೊರತೆ ಇದ್ದ ಮಕ್ಕಳು ಅದರಿಂದ ಹೊರಬರುವ ಸಾಧ್ಯತೆ ಮಾಮೂಲಿ ಸಜ್ಜೆ ತಿಂದವರಿಗಿಂತ 64% ಜಾಸ್ತಿ ಇತ್ತು.

ಹಾಗಾದರೆ ಕೊಡೋಕೇನು ಕಷ್ಟ? ಅಡುಗೆ ಕೋಣೆಗೆ ಬನ್ನಿ. 200 ಮಕ್ಕಳ ಶಾಲೆ, ತಲೆಗೆ ಎರಡು ರೊಟ್ಟಿ ಅಂದರೆ 400. ಬಿಸಿನೀರಲ್ಲಿ ಹಿಟ್ಟು ನಾದಬೇಕು, ಒಂದೊಂದೇ ಬಡಿಯಬೇಕು, ಹಂಚಿನ ಮೇಲೆ ಒದ್ದೆ ಬಟ್ಟೆ ಸವರಬೇಕು. ಕೈ ಪಳಗಿದ ಅಕ್ಕ ನಿಮಿಷಕ್ಕೊಂದು ಬಡಿದರೂ ಆರೂವರೆ ತಾಸು ಮೀರುತ್ತೆ. ಅವರಿಗೆ ಸಿಗೋ ಗೌರವಧನದಲ್ಲಿ ಅದನ್ನು ಕೇಳೋದು ನ್ಯಾಯ ಅಲ್ಲ. ಅದಕ್ಕೇ ನನ್ನ ಮಾತು ಒಂದೇ: ಶಾಲೆಯಲ್ಲಿ ರೊಟ್ಟಿ ಆಸೆ ಬಿಡಿ, ನುಚ್ಚು ಒಡೆಸಿ. ವಾರದಲ್ಲಿ ಎರಡು ದಿನ ಸಜ್ಜೆ ನುಚ್ಚು, ನಮ್ಮ ತೊಗರಿಬೇಳೆ, ತರಕಾರಿ ಹಾಕಿದ ಕಿಚಡಿ. ಒಂದೇ ಪಾತ್ರೆ, ಅನ್ನದ ಹಾಗೇ ಬಡಿಸಬಹುದು.

ಜೋಳದಲ್ಲಿ ಇನ್ನೊಂದು ತೊಡಕಿದೆ. ಪರಭಣಿ ಶಕ್ತಿ ಮುಂಗಾರಿಯದು. ನಮ್ಮವರ ನಾಲಿಗೆ ಹಿಂಗಾರಿಯ ಮಾಲ್ದಂಡಿ ಜೋಳಕ್ಕೆ ಅಂಟಿಕೊಂಡಿದೆ. ಬೆಳ್ಳಗೆ ಮೆತ್ತನೆಯ ರೊಟ್ಟಿ, ದನಕ್ಕೆ ಸಿಹಿ ಕಣಕಿ. ಅದನ್ನು ಬಿಡಿ ಅಂದರೆ ಯಾರು ಕೇಳ್ತಾರೆ? ಅದಕ್ಕೇ ಸಜ್ಜೆಯಿಂದ ಶುರು ಮಾಡೋದು ಸುಲಭ. ಎಳ್ಳಮವಾಸ್ಯೆಗೆ ಭಜ್ಜಿ ಜೊತೆ ಸಜ್ಜೆ ರೊಟ್ಟಿ ತಿನ್ನೋ ಜನ, ನಾಲ್ಕು ದಿನ ಮುಂದುವರಿಸಿದರಾಯ್ತು ಅಲ್ವಾ? ಧನಶಕ್ತಿಯ ಬೀಜವನ್ನು ರೈತರೇ ಎತ್ತಿಟ್ಟುಕೊಳ್ಳಬಹುದು. ಆದರೆ ಸಜ್ಜೆ ಪರಾಗ ಗಾಳಿಗೆ ಹಾರುತ್ತೆ. ಪಕ್ಕದ ಹೊಲದ ತಳಿ ಬೆರೆತರೆ ಕಬ್ಬಿಣ ಇಳಿಯುತ್ತೆ, ಎರಡು ಮೂರು ವರ್ಷಕ್ಕೊಮ್ಮೆ ಹೊಸ ಬೀಜ ತರೋದು ಒಳ್ಳೇದು.

ಮಗಳಿಗೆ ಡಾಕ್ಟ್ರು ಮಾತ್ರೆ ಕೊಟ್ಟಿದ್ದರೆ ಅದನ್ನು ನಿಲ್ಲಿಸಬೇಡಿ. ಸಜ್ಜೆ ನಿಧಾನಕ್ಕೆ ಕೆಲಸ ಮಾಡೋದು. ಮನೆಯಲ್ಲಿ ಮಾಡುವುದಾದರೆ ತಾಟಿಗೆ ಬಡಿಸಿದ ಮೇಲೆ ಲಿಂಬೆ ಹಿಂಡಿ. ಕಬ್ಬಿಣ ಮೈಗೆ ಹತ್ತೋಕೆ ನೆರವಾಗೋದು ಅದರ ಸಿ ಜೀವಸತ್ವ, ಕುದಿಯುವಾಗ ಹಿಂಡಿದರೆ ಅದು ಕಡಿಮೆಯಾಗುತ್ತೆ. ಊಟದ ಹಿಂದೆ ಮುಂದೆ ಒಂದು ತಾಸು ಚಹಾ ಬೇಡ, ಚಹಾ ಕಬ್ಬಿಣವನ್ನು ಹಿಡಿದುಬಿಡುತ್ತೆ. ಸಜ್ಜೆಯಲ್ಲಿ ಎಣ್ಣೆ ಅಂಶ ಇರೋದರಿಂದ ಹಿಟ್ಟು ಬೇಗ ಕಮಟಾಗಿ ಕಹಿ ಬರುತ್ತೆ. ಕಹಿ ಬಂದ ಸಜ್ಜೆಯನ್ನು ಮಗು ಒಮ್ಮೆ ಉಗುಳಿದರೆ ಮತ್ತೆ ಮುಟ್ಟಲ್ಲ. ಕಾಳು ಮನೆಯಲ್ಲಿಟ್ಟು, ವಾರಕ್ಕೆ ಬೇಕಾದಷ್ಟೇ ಗಿರಣಿಗೆ ಒಯ್ಯಿರಿ.