ಭಾಷೆಯ ಅಧ್ಯಯನವನ್ನು ‘ವಿಜ್ಞಾನ’ ಎನ್ನುವುದೇಕೆ?

ಪ್ರಶ್ನೆ: ವ್ಯಾಕರಣವನ್ನು ಶಾಲೆಯಲ್ಲೇ ಕಲಿತಿರುತ್ತೇವೆ. ಹಾಗಿರುವಾಗ ಭಾಷಾವಿಜ್ಞಾನವೆಂಬ ಬೇರೊಂದು ಶಾಸ್ತ್ರ ಏಕೆ ಬೇಕು? ಅದನ್ನು ವಿಜ್ಞಾನವೆಂದು ಕರೆಯುವುದು ಸರಿಯೇ?

ಉತ್ತರ: ಶಾಲೆಯ ವ್ಯಾಕರಣ ಹೇಗೆ ಬರೆಯಬೇಕೆಂದು ಕಲಿಸುತ್ತದೆ. ಭಾಷಾವಿಜ್ಞಾನದ ಕುತೂಹಲವೇ ಬೇರೆ: ಜನ ನಿಜವಾಗಿ ಹೇಗೆ ಮಾತನಾಡುತ್ತಾರೆ, ಮಾತು ಹಾಗೆಯೇ ಇರುವುದಕ್ಕೆ ಕಾರಣವೇನು ಎಂದು ಅದು ಕೇಳುತ್ತದೆ. ಆದ್ದರಿಂದ ಅದರ ಕಣ್ಣಿಗೆ ‘ಹೋಗ್ತೀನಿ’ ಎಂಬುದು ‘ಹೋಗುತ್ತೇನೆ’ಯ ಕೆಟ್ಟ ರೂಪವಲ್ಲ, ತನ್ನದೇ ಕ್ರಮವುಳ್ಳ ಮತ್ತೊಂದು ರೂಪ. ‘ನನಗೆ ಚಳಿಯಾಗುತ್ತಿದೆ’ ಎನ್ನುವ ಕನ್ನಡಿಗರು ‘ನಾನು ಚಳಿಯಾಗುತ್ತಿದ್ದೇನೆ’ ಎನ್ನುವುದಿಲ್ಲ; ಈ ನಿಯಮವನ್ನು ಅವರಿಗೆ ಯಾರೂ ಕೂರಿಸಿ ಹೇಳಿಕೊಟ್ಟಿರುವುದಿಲ್ಲ. ಹೀಗೆ ಆಡುವವರ ಅರಿವಿಗೇ ಬಾರದೆ ಮಾತಿನೊಳಗೆ ಕೆಲಸ ಮಾಡುವ ನಿಯಮಗಳನ್ನು ಧ್ವನಿ, ಪದ, ವಾಕ್ಯ, ಅರ್ಥಗಳ ಮಟ್ಟದಲ್ಲಿ ಕಂಡುಹಿಡಿಯುವುದೇ ಈ ಶಾಸ್ತ್ರದ ಕೆಲಸ.

ವಿಜ್ಞಾನವೆಂಬ ಹೆಸರು ಏಕೆ ಸಲ್ಲುತ್ತದೆಂಬುದನ್ನು ಎಣಿಕೆಯ ಪದಗಳಲ್ಲೇ ನೋಡಬಹುದು. ನಾವು ‘ಹತ್ತು’ ಎನ್ನುತ್ತೇವೆ, ಆದರೆ ಎರಡು ಹತ್ತಕ್ಕೆ ‘ಇಪ್ಪತ್ತು’ ಎನ್ನುತ್ತೇವೆ. ಈ ‘ಪ’ ಎಲ್ಲಿಂದ ಬಂತು? ಹಳಗನ್ನಡದಲ್ಲಿ ‘ಹತ್ತು’ ಎಂಬುದು ‘ಪತ್ತು’ ಆಗಿತ್ತು. ‘ಹುಲಿ’ ‘ಪುಲಿ’ಯಾಗಿತ್ತು, ‘ಹಾವು’ ‘ಪಾವು’ ಆಗಿತ್ತು. ಸುಮಾರು 10ನೆಯ ಶತಮಾನದಿಂದ ಮೊದಲ್ಗೊಂಡು ಕೆಲವು ಶತಮಾನಗಳಲ್ಲಿ ಪದದ ಮೊದಲಿನ ಪಕಾರ ಹಕಾರವಾಯಿತು. ದ್ವಿತ್ವದಲ್ಲಿದ್ದ ಪಕಾರ ಮಾತ್ರ ಕದಲಲಿಲ್ಲ. ‘ಅಪ್ಪ’, ‘ತಪ್ಪು’, ‘ಎಪ್ಪತ್ತು’ಗಳಲ್ಲಿ ಅದು ಇಂದಿಗೂ ಇದೆ. ಅನುಸ್ವಾರದ ಮುಂದೆಯೂ ಅಷ್ಟೇ: ‘ಕಂಪು’, ‘ತಂಪು’, ‘ಇಂಪು’. ‘ಮೂವತ್ತು’, ‘ಅರವತ್ತು’ಗಳಲ್ಲಿ ಅದೇ ‘ಪತ್ತು’ ಸ್ವರಗಳ ನಡುವೆ ಸಿಕ್ಕಿ ‘ವತ್ತು’ ಆಗಿದೆ. ಶಾಲೆಯಲ್ಲಿ ಆದೇಶಸಂಧಿಯೆಂದು ಉರುಹೊಡೆದದ್ದರ ಹಿಂದೆ ಇಂಥ ಇತಿಹಾಸವಿದೆ ಎಂಬುದು ನನಗೆ ಇಂದಿಗೂ ಸೋಜಿಗದ ಸಂಗತಿ. ಸಂಸ್ಕೃತದಿಂದ ಬಂದ ‘ಪಾಠ’, ‘ಪದ’ಗಳನ್ನು ಈ ಬದಲಾವಣೆ ಮುಟ್ಟಲಿಲ್ಲ; ಹಾಗಾಗಿ ಒಂದು ಪದ ಭಾಷೆಯ ಸ್ವಂತದ್ದೋ ಎರವಲೋ ಎಂಬುದನ್ನು ಗುರುತಿಸಲು ಕೂಡ ಇಂಥ ನಿಯಮ ನೆರವಾಗುತ್ತದೆ.

ಗಮನಿಸಿ, ಇದು ಪರೀಕ್ಷೆಗೆ ಒಡ್ಡಬಹುದಾದ ಹೇಳಿಕೆ: ನಿಯಮಕ್ಕೆ ಹೊಂದದ ಪದ ಸಿಕ್ಕರೆ ಅದಕ್ಕೆ ಕಾರಣ ತೋರಿಸಬೇಕು, ಇಲ್ಲವೇ ನಿಯಮವನ್ನೇ ತಿದ್ದಬೇಕು.

ಇದಕ್ಕಿಂತ ಕಠಿಣವಾದ ಪರೀಕ್ಷೆಯನ್ನೂ ಈ ಶಾಸ್ತ್ರ ಎದುರಿಸಿದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೊದಲಾದ ಭಾಷೆಗಳನ್ನು ಹೋಲಿಸುತ್ತಿದ್ದ ಸ್ವಿಸ್ ಭಾಷಾವಿಜ್ಞಾನಿ ಫರ್ಡಿನಂಡ್ ದ ಸೊಸ್ಯೂರ್, ಇವೆಲ್ಲ ಹುಟ್ಟಿಬಂದ ಒಂದೇ ಮೂಲಭಾಷೆಯಲ್ಲಿ ಆಗ ತಿಳಿದಿದ್ದ ಯಾವ ಭಾಷೆಯಲ್ಲೂ ಉಳಿಯದ ಕೆಲವು ಧ್ವನಿಗಳು ಇದ್ದಿರಲೇಬೇಕೆಂದು, ಪದಗಳ ಬೇರೆ ಬೇರೆ ರೂಪಗಳಲ್ಲಿ ಸ್ವರಗಳು ಬದಲಾಗುವ ಕ್ರಮವನ್ನು ಆಧಾರವಾಗಿಟ್ಟುಕೊಂಡು 1879ರಲ್ಲಿ ವಾದಿಸಿದರು. ಆಗ ಅವರಿಗೆ ಇಪ್ಪತ್ತೊಂದರ ವಯಸ್ಸು. ಮುಂದೆ ಇಂದಿನ ಟರ್ಕಿಯಲ್ಲಿ ದೊರೆತ ಜೇಡಿಮಣ್ಣಿನ ಫಲಕಗಳಿಂದ ಇದೇ ಕುಟುಂಬಕ್ಕೆ ಸೇರಿದ ಹಿಟ್ಟೈಟ್ ಎಂಬ ಪ್ರಾಚೀನ ಭಾಷೆಯನ್ನು ಓದಲು ಸಾಧ್ಯವಾಯಿತು. 1927ರಲ್ಲಿ ಪೋಲೆಂಡಿನ ಭಾಷಾವಿಜ್ಞಾನಿ ಯೆರ್ಜಿ ಕುರಿವೋವಿಚ್ ಆ ಭಾಷೆಯ ಹಕಾರದಂಥ ಧ್ವನಿಯೊಂದನ್ನು ಪರಿಶೀಲಿಸಿದಾಗ, ಸೊಸ್ಯೂರ್ ಲೆಕ್ಕ ಹಾಕಿ ಹೇಳಿದ್ದ ಹಲವು ಜಾಗಗಳಲ್ಲಿ ಅದು ಕಾಣಿಸಿಕೊಂಡಿತು. ಅಷ್ಟರಲ್ಲಿ ಸೊಸ್ಯೂರ್ ತೀರಿಕೊಂಡು ಹದಿನಾಲ್ಕು ವರ್ಷಗಳಾಗಿದ್ದವು.